ನಮ್ಮ ಓಣಿಯ ಗಿರಣಿ: ಮನೆ ಅಡುಗೆ ಶುರು ಮಾಡೋರು ಮೊದಲು ಇಲ್ಲಿಗೆ ಹೋಗಿ

ಜೋಳದ ರೊಟ್ಟಿ ಬಡಿಯುವಾಗ ಅಂಚು ಒಡೆದರೆ, ಹಂಚಿಗೆ ಹಾಕುವಾಗ ಹರಿದರೆ, ಎಲ್ಲರೂ ಕೈಯನ್ನೇ ದೂರುತ್ತಾರೆ. ರೂಢಿ ಇಲ್ಲ, ಅದಕ್ಕೇ ಹಿಂಗೆ ಅಂತಾರೆ. ನನಗೂ ಅಂದರು. ಸುಮಾರು ಒಂದು ವರ್ಷ ನಾನೂ ಅದನ್ನೇ ನಂಬಿದ್ದೆ. ಈಗ ವಾರಕ್ಕೆ ಐದು ದಿನ ರೊಟ್ಟಿ ಮಾಡುತ್ತೇನೆ, ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ: ಬಹಳ ಸಲ ತಪ್ಪು ಕೈಯದಲ್ಲ, ಹಿಟ್ಟಿನದು. ಇದು ನನಗೆ ಗೊತ್ತಾಗಿದ್ದು ನಮ್ಮ ಓಣಿಯ ಗಿರಣಿಯಲ್ಲಿ. ಅದಕ್ಕೇ ಈ ರಿವ್ಯೂ ಆ ಗಿರಣಿಯ ಬಗ್ಗೆ.

ಗಿರಣಿ ಇರೋದು ಕಲಬುರಗಿಯ ಬ್ರಹ್ಮಪುರದ ಕಡೆ, ಒಂದು ಓಣಿಯ ಒಳಗೆ. ಬೋರ್ಡಿನ ಬಣ್ಣ ಹೋಗಿದೆ, ಹೆಸರು ಯಾರೂ ಹೇಳಲ್ಲ. ಗಿರಣಿ ಎಲ್ಲಿ ಅಂತ ಕೇಳಿ, ಸದ್ದು ಬರುವ ಕಡೆ ಕೈ ತೋರಿಸುತ್ತಾರೆ. ನಡೆಸುವವರನ್ನ ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ಮೊದಲು ನಾನು ಯಾಕೆ ಹೋದೆ ಅಂತ ಹೇಳಬೇಕು. ಕೆಲಸ ಮನೆಯಿಂದಲೇ ಮಾಡೋದು ಅಂತ ಆದ ಮೇಲೆ ಮೂರು ಹೊತ್ತೂ ಮನೆಯಲ್ಲೇ ಇರುತ್ತಿದ್ದೆ, ಆದರೂ ಊಟ ಮಾತ್ರ ಹೊರಗಿನಿಂದಲೇ ಬರುತ್ತಿತ್ತು. ಮಧ್ಯಾಹ್ನ ಒಂದು ಖಾನಾವಳಿಯ ಡಬ್ಬಿ, ರಾತ್ರಿ ಫೋನಿನಲ್ಲಿ ಏನಾದರೂ ಆರ್ಡರ್. ಡಬ್ಬಿಯ ರೊಟ್ಟಿ ಬರೋ ಹೊತ್ತಿಗೆ ತಣ್ಣಗಾಗಿ ಚರ್ಮದ ಹಾಗೆ ಆಗಿರುತ್ತಿತ್ತು, ಪಲ್ಯದ ಮೇಲೆ ಬೆರಳು ಗಾತ್ರ ಎಣ್ಣೆ. ಒಂದು ದಿನ ಅಪ್ಪ ಅರ್ಧ ತಿಂದು ತಟ್ಟೆ ಸರಿಸಿ, ಮನೆಯಲ್ಲಿ ಇಬ್ಬರು ಇದ್ದೂ ಒಂದು ಬಿಸಿ ರೊಟ್ಟಿ ಸಿಗಲ್ಲ ಅಲ್ವಾ ಅಂದರು. ಆ ಮಾತು ನನಗೆ ತುಂಬಾ ನಾಟಿತು. ಮರುದಿನದಿಂದಲೇ ಅಡುಗೆ ಮನೆಗೆ ಇಳಿದೆ.

ಇಳಿದೆನೇನೋ ಸರಿ, ರೊಟ್ಟಿ ಬರಲಿಲ್ಲ. ದೊಡ್ಡ ಅಂಗಡಿಯಿಂದ ಪ್ಯಾಕೆಟ್ ಜೋಳದ ಹಿಟ್ಟು ತಂದಿದ್ದೆ. ಬಿಸಿನೀರು ಹಾಕಿ ಎಷ್ಟು ನಾದಿದರೂ ಹಿಟ್ಟು ಮರಳಿನ ಹಾಗೆ ಬಿಡಿಬಿಡಿ. ಪಕ್ಕದ ಮನೆಯ ಅಜ್ಜಿ ಬಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಇದು ಹಳೇ ಹಿಟ್ಟು, ಜಿಗಿ ಸತ್ತಿದೆ, ಕಹಿನೂ ಹತ್ತಿದೆ, ಗಿರಣಿಗೆ ಹೋಗಿ ಹೊಸದಾಗಿ ಹಾಕಿಸಿಕೊಂಡು ಬಾ ಅಂದರು.

ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಅನ್ನೋ ಹಿಗ್ಗುವ ಪ್ರೋಟೀನ್ ಇಲ್ಲ. ಚಪಾತಿ ಹಿಟ್ಟು ಎಳೆದರೆ ಹಿಗ್ಗುತ್ತದೆ, ಜೋಳದ ಹಿಟ್ಟು ಹಿಗ್ಗಲ್ಲ. ಅದು ಒಂದಾಗಿ ನಿಲ್ಲೋದು ಕುದಿಯುವ ಎಸರಿನಿಂದ. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನ ಹಿಡಿದಿಡುತ್ತದೆ. ಹಿಟ್ಟು ಹಳತಾದಷ್ಟೂ ಆ ಜಿಗಿ ಕಡಿಮೆ. ಜೊತೆಗೆ ಕಾಳು ಪುಡಿಯಾದ ಕೂಡಲೇ ಒಳಗಿನ ಮೊಳಕೆ ಭಾಗದ ಎಣ್ಣೆಗೆ ಗಾಳಿ ತಾಗುತ್ತದೆ, ದಿನ ಕಳೆದ ಹಾಗೆ ಅದು ಕಮಟಿ ಕಹಿಯಾಗುತ್ತದೆ. ಇಡೀ ಕಾಳಾಗಿ ಇದ್ದರೆ ಜೋಳ ತಿಂಗಳುಗಟ್ಟಲೆ ಚಲೋ ಇರುತ್ತದೆ. ಅದಕ್ಕೇ ನಮ್ಮ ಹಿರಿಯರು ಜೋಳವನ್ನ ಚೀಲದಲ್ಲಿಟ್ಟು, ಹಿಟ್ಟನ್ನ ಮಾತ್ರ ಆಗಾಗ ಹಾಕಿಸುತ್ತಿದ್ದರು.

ಗಿರಣಿಯಲ್ಲಿ ನನಗೆ ಅತಿ ಇಷ್ಟವಾಗೋದು ಕಾಕಾ ಕೆಲಸ ಮಾಡುವ ರೀತಿ. ಡಬ್ಬಿ ತೂಕಕ್ಕೆ ಇಟ್ಟ ಕೂಡಲೇ ಒಂದು ಹಿಡಿ ಜೋಳ ಅಂಗೈಗೆ ತಗೊಂಡು ನೋಡುತ್ತಾರೆ. ಒಂದು ಕಾಳು ಹಲ್ಲಿಗೆ ಹಾಕಿ ಕಟ್ ಅನ್ನಿಸುತ್ತಾರೆ. ಮೆತ್ತಗಿದ್ದರೆ, ಇದಕ್ಕೆ ಥಂಡಿ ಹತ್ತಿದೆ, ಒಂದು ದಿನ ಬಿಸಿಲಿಗೆ ಹಾಕಿ ತನ್ನಿ ಅಂತ ವಾಪಸ್ ಕಳಿಸುತ್ತಾರೆ. ನನ್ನನ್ನೇ ಒಂದು ಸಲ ಮಳೆಗಾಲದಲ್ಲಿ ವಾಪಸ್ ಕಳಿಸಿದ್ದಾರೆ. ದುಡ್ಡು ಬರೋದನ್ನ ಬಿಟ್ಟು ಹಾಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ? ಒದ್ದೆ ಕಾಳು ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಹಿಟ್ಟೂ ಮುದ್ದೆಯಾಗಿ ಬೇಗ ಕೆಡುತ್ತದೆ. ಅವರು ಹೇಳಿದ್ದು ಸರಿಯೇ.

ಆಮೇಲೆ ಮೇಲಿನ ಬುಟ್ಟಿಗೆ ಜೋಳ ಸುರಿದು ಪಟ್ಟಾ ಹಾಕುತ್ತಾರೆ. ಕೆಳಗೆ ಬಟ್ಟೆಯ ಉದ್ದನೆಯ ತೋಳು ಕಟ್ಟಿರುತ್ತಾರೆ, ಅದರೊಳಗಿಂದ ಹಿಟ್ಟು ಉಸಿರಾಡಿದ ಹಾಗೆ ಇಳಿಯುತ್ತದೆ. ಮೊದಲ ಹಿಟ್ಟು ಬಿದ್ದಾಗ ಕಾಕಾ ಅದನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಾರೆ. ತರಿ ಸಿಕ್ಕರೆ ಪಕ್ಕದ ಚಕ್ರವನ್ನ ಒಂದಿಷ್ಟೇ ತಿರುಗಿಸುತ್ತಾರೆ, ಎರಡು ಕಲ್ಲುಗಳು ಕೂದಲಿನಷ್ಟು ಹತ್ತಿರ ಬರುತ್ತವೆ. ಮತ್ತೆ ಉಜ್ಜುತ್ತಾರೆ. ಸರಿ ಅನಿಸೋವರೆಗೆ ಬಿಡಲ್ಲ. ತೀರಾ ಬಿಗಿ ಮಾಡಿದರೆ ಕಲ್ಲು ಕಾಯ್ದು ಹಿಟ್ಟು ಸುಟ್ಟ ವಾಸನೆ ಬರುತ್ತದೆ ಅಂತ ಅವರೇ ನನಗೆ ತೋರಿಸಿದರು. ಅದೇ ಚಕ್ರವನ್ನ ಆ ಕಡೆ ತಿರುಗಿಸಿದರೆ ನುಚ್ಚು. ಪುಂಡಿಪಲ್ಯಕ್ಕೆ ಬೇಕಾದ ಜೋಳದ ನುಚ್ಚು ಅರ್ಧ ಕಿಲೋ ಆದರೂ ಬೇಸರ ಮಾಡದೆ ಒಡೆದು ಕೊಡುತ್ತಾರೆ.

ಇನ್ನೊಂದು ಮುಖ್ಯ ವಿಷಯ: ಖಾರ ಕುಟ್ಟಲು ಇಲ್ಲಿ ಬೇರೆ ಯಂತ್ರ ಇದೆ, ಬೇರೆ ಮೂಲೆಯಲ್ಲಿ. ಹಿಂದೆ ಬೇರೊಂದು ಗಿರಣಿಯಲ್ಲಿ ಮೆಣಸಿನಕಾಯಿ ಹಾಕಿದ ಕಲ್ಲಿಗೇ ನನ್ನ ಜೋಳ ಹಾಕಿಬಿಟ್ಟಿದ್ದರು, ಮೂರು ಕಿಲೋ ಹಿಟ್ಟು ಪೂರ್ತಿ ಘಾಟು. ಹಸುವಿಗೂ ಹಾಕೋ ಹಾಗಿರಲಿಲ್ಲ. ನೀವು ಯಾವ ಗಿರಣಿಗೆ ಹೋದರೂ ಇದೊಂದನ್ನ ಮೊದಲೇ ನೋಡಿಕೊಳ್ಳಿ. ಗೋಧಿ ಮೈಗೆ ಆಗದವರಿಗೂ ಒಂದು ಮಾತು. ಇಲ್ಲಿ ಗೋಧಿ, ಜೋಳ ಎರಡೂ ಒಂದೇ ಕಲ್ಲಿಗೆ ಬೀಳುತ್ತವೆ. ಒಂದು ಹಿಡಿ ಜೋಳ ಹಾಕಿ ಕಲ್ಲು ಸ್ವಚ್ಛ ಮಾಡುತ್ತಾರೆ, ಆದರೂ ಗೋಧಿ ಹಿಟ್ಟು ಸ್ವಲ್ಪ ಸೇರೇ ಸೇರುತ್ತದೆ. ಗ್ಲುಟೆನ್ ಪೂರ್ತಿ ಬಿಡಬೇಕಾದವರಿಗೆ ಈ ಜಾಗ ಬೇಡ.

ಜೋಳ ಎಲ್ಲಿ ತಗೊಳ್ಳೋದು ಅಂತ ಕೇಳುತ್ತೀರಿ. ನಾನು ಇಲ್ಲಿನ ಕಾಳುಕಡಿ ಮಾರುಕಟ್ಟೆ ನೆಹರು ಗಂಜ್‌ನಿಂದ ತರುತ್ತೇನೆ. ಮಾಲ್ದಂಡಿ ಅಂತ ಕೇಳಿ. ಕಾಳು ದುಂಡಗೆ, ಮುತ್ತಿನ ಹಾಗೆ ಹೊಳೆಯುತ್ತಿರಬೇಕು. ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತುವ ಜೋಳ ಅದು, ಮಳೆ ನಿಂತ ಮೇಲೆ ನೆಲದ ತೇವದಲ್ಲೇ ಬೆಳೆಯುತ್ತದೆ, ಹೊಸ ಕಾಳು ಶಿವರಾತ್ರಿ ಆಸುಪಾಸಿನಲ್ಲಿ ಬರಲು ಶುರುವಾಗುತ್ತದೆ. ಹೈಬ್ರಿಡ್ ಜೋಳ ಅಗ್ಗ, ಆದರೆ ರೊಟ್ಟಿ ಅಷ್ಟು ಮೆತ್ತಗೆ ಬರಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ದುಡ್ಡು ಉಳಿಸಬಾರದು.

ರೇಟು ಹೇಳೋದಾದರೆ, ಹೋದ ವಾರ ಜೋಳಕ್ಕೆ ಕಿಲೋಗೆ 6 ರೂಪಾಯಿ ತಗೊಂಡರು. 3 ಕಿಲೋಗೆ 18. ನಮ್ಮಿಬ್ಬರಿಗೆ ಅದು ಹತ್ತು ದಿನ ಬರುತ್ತದೆ. ಬೇಸಿಗೆಯಲ್ಲಿ ಇದಕ್ಕಿಂತ ಜಾಸ್ತಿ ಹಾಕಿಸಬೇಡಿ, ನಮ್ಮೂರಿನ 40 ಡಿಗ್ರಿ ಮೇಲಿನ ಬಿಸಿಲಿಗೆ ಹಿಟ್ಟು ಬೇಗ ಕೆಡುತ್ತದೆ.

ತಂದ ದಿನ ಏನು ಮಾಡುತ್ತೇನೆ ಅಂದರೆ, ಹಿಟ್ಟನ್ನ ಮೊದಲು ಪರಾತದಲ್ಲಿ ಹರವಿ ಆರಲು ಬಿಡುತ್ತೇನೆ. ಗಿರಣಿಯಿಂದ ಬರೋವಾಗ ಡಬ್ಬಿ ಕೈಗೆ ಬಿಸಿ ಹತ್ತುತ್ತಿರುತ್ತದೆ. ಹಾಗೇ ಮುಚ್ಚಿಟ್ಟರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಆರಿದ ಮೇಲೆ ಸ್ಟೀಲ್ ಡಬ್ಬಿ. ಅವತ್ತೇ ಸಂಜೆ ಮಾಡುವ ರೊಟ್ಟಿಯ ರುಚಿ ಬೇರೆ ಯಾವ ದಿನವೂ ಬರಲ್ಲ. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹಾಕಿ, ಚಮಚದಲ್ಲಿ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಉಂಡೆ ಒತ್ತಿದರೆ ಅಂಚು ಬಿರಿಯಬಾರದು, ಬಿರಿದರೆ ಇನ್ನೊಂದಿಷ್ಟು ನಾದಿ. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲೆ ಒದ್ದೆ ಬಟ್ಟೆ ಆಡಿಸಬೇಕು. ನೀರು ಆರುತ್ತಿದ್ದ ಹಾಗೇ ತಿರುವಿ ಹಾಕಿ. ಮೊದಲು ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಅದು ಮೆಲ್ಲಗೆ ಪಕ್ಕಕ್ಕೆ ಹರಡಿ ಇಡೀ ರೊಟ್ಟಿ ಉಬ್ಬಿ ನಿಲ್ಲುತ್ತದೆ. ಮೊದಲ ಸಲ ಅದನ್ನ ನೋಡಿ ಅಪ್ಪನನ್ನ ಕೂಗಿ ಕರೆದಿದ್ದೆ.

ಹಿಟ್ಟು ಚಲೋ ಇದ್ದರೆ ಉಳಿದ ಅಡುಗೆ ಬಹಳ ಸಲೀಸು, ಇದನ್ನ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ. ದಿನಾ ನಾಲ್ಕು ತರಹ ಮಾಡಬೇಕಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಂದು ಉಳ್ಳಾಗಡ್ಡಿ. ಮಧ್ಯಾಹ್ನದ ಊಟ ಮುಗೀತು. ಕಡಲೆಬೇಳೆಯನ್ನೂ ಇದೇ ಗಿರಣಿಯಲ್ಲಿ ಹಾಕಿಸುತ್ತೇನೆ, ಅದರಿಂದ ಝುಣಕ. ಎಣ್ಣೆಗೆ ಜೀರಿಗೆ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ನೀರು ಕುದಿಸಿ, ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಹೋದರೆ ಹತ್ತು ನಿಮಿಷದ ಕೆಲಸ. ಆಫೀಸಿನ ಎರಡು ಮೀಟಿಂಗ್ ನಡುವೆ ಎಷ್ಟೋ ಸಲ ಮಾಡಿದ್ದೇನೆ. ಪುಂಡಿ ಸೊಪ್ಪು ಸಿಕ್ಕ ದಿನ ತೊಗರಿಬೇಳೆ, ನುಚ್ಚು, ಮೆಣಸಿನಕಾಯಿ ಹಾಕಿ ಒಂದೇ ಕುಕ್ಕರ್‌ನಲ್ಲಿ ಬೇಯಿಸಿ, ಕಡೆದು, ಮೇಲೆ ಬಳ್ಳೊಳ್ಳಿ ಒಗ್ಗರಣೆ. ಅದು ಮರುದಿನ ಇನ್ನೂ ರುಚಿ. ರಾತ್ರಿ ಅನ್ನ, ಬೇಳೆ ಸಾರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಅಧಿಕೃತ ಗುರುತು, ಸಿಕ್ಕಿದೆ. ಅಂಥ ಬೇಳೆ ನಮ್ಮ ಗಂಜ್‌ನಲ್ಲೇ ಸಿಗುವಾಗ ನಾನು ವರ್ಷಗಟ್ಟಲೆ ಹೋಟೆಲಿನ ನೀರು ಸಾಂಬಾರ್ ತರಿಸುತ್ತಿದ್ದೆ ಅನ್ನೋದು ಈಗಲೂ ಬೇಸರ ತರಿಸುತ್ತದೆ.

ಪಕ್ಕದ ಓಣಿಯ ಗೆಳತಿ ಮನೆಗೇ ಸಣ್ಣ ಗಿರಣಿ ತಂದಿದ್ದಾಳೆ, ಬೀರು ತರಹ ಇರುತ್ತಲ್ಲ, ಅದು. ಅದರಲ್ಲಿ ಕಲ್ಲು ಇಲ್ಲ, ಒಳಗೆ ಬ್ಲೇಡು ಕಾಳನ್ನ ಹೊಡೆದು ಪುಡಿ ಮಾಡುತ್ತದೆ, ಜಾಳಿ ಬದಲಿಸಿದರೆ ಸಣ್ಣ, ದಪ್ಪ ಆಗುತ್ತದೆ. ಐದಾರು ಜನ ಇರುವ ಮನೆಗೆ, ಹೊರಗೆ ಹೋಗಲು ಆಗದವರಿಗೆ ಅದು ಒಳ್ಳೇದೇ. ಅದರ ಹಿಟ್ಟಿನಲ್ಲೂ ರೊಟ್ಟಿ ಮಾಡಿ ನೋಡಿದೆ, ಚೆನ್ನಾಗೇ ಬಂತು. ಆದರೆ ಇಬ್ಬರಿಗೆ, ಮೂವರಿಗೆ ಅಷ್ಟು ದುಡ್ಡು ಹಾಕಿ, ಅಡುಗೆ ಮನೆಯ ಅಷ್ಟು ಜಾಗ ಕೊಡೋದು ನನಗೆ ಸರಿ ಅನಿಸಲಿಲ್ಲ. ಕಲ್ಲಿನ ಹಿಟ್ಟಿನ ಮೆತ್ತಗಿನ ಹದವೇ ನನಗೆ ಹೆಚ್ಚು ಇಷ್ಟ.

ಈ ಗಿರಣಿಯ ಕೊರತೆಗಳನ್ನೂ ಹೇಳುತ್ತೇನೆ. ಕರೆಂಟ್ ಹೋದರೆ ಕೆಲಸ ನಿಂತಿತು, ಜನರೇಟರ್ ಇಲ್ಲ. ಒಂದು ಸಲ ಮುಕ್ಕಾಲು ಗಂಟೆ ಕಟ್ಟೆ ಮೇಲೆ ಕೂತಿದ್ದೆ. ಭಾನುವಾರ ಮುಂಜಾನೆ ಡಬ್ಬಿಗಳ ಸಾಲು ರಸ್ತೆಗೆ ಬರುತ್ತದೆ. ನಾಗರ ಪಂಚಮಿ ಮುಂದೆ, ಎಳ್ಳಮಾವಾಸ್ಯೆ ಮುಂದೆ ಹೇಳೋದೇ ಬೇಡ, ಸಜ್ಜಿ, ಜೋಳ, ಕಡಲೆ ಎಲ್ಲಾ ಒಟ್ಟಿಗೆ ಬರುತ್ತವೆ, ಎರಡು ದಿನ ಮೊದಲೇ ಹೋಗಿಬಿಡಿ. ಕೂರಲು ಕುರ್ಚಿ ಇಲ್ಲ, ವಯಸ್ಸಾದವರಿಗೆ ಕಷ್ಟ. ಎರಡು ಕುರ್ಚಿ ಹಾಕಿ ಅಂತ ಕಾಕಾಗೆ ಹೇಳಿದ್ದೇನೆ, ಹಾಕುತ್ತೇನೆ ಅಂದಿದ್ದಾರೆ. ಹಿಟ್ಟಿನ ಧೂಳು ಜಾಸ್ತಿ, ಉಬ್ಬಸ ಇರುವವರು ಡಬ್ಬಿ ಕೊಟ್ಟು ಹೊರಗೆ ನಿಲ್ಲಿ. ಮನೆಗೆ ತಂದು ಕೊಡೋ ವ್ಯವಸ್ಥೆ ಇಲ್ಲ. ಆದರೆ ಡಬ್ಬಿ ಬಿಟ್ಟು ಹೋದರೆ ಹೆಸರು ಬರೆದಿಟ್ಟು ಸಂಜೆ ಕೊಡುತ್ತಾರೆ, ಇಷ್ಟು ದಿನದಲ್ಲಿ ಒಮ್ಮೆಯೂ ಅದಲು ಬದಲಾಗಿಲ್ಲ, ತೂಕವೂ ತಪ್ಪಿಲ್ಲ. ಕಲ್ಲಿನಲ್ಲಿ ಒಂದಿಷ್ಟು ಹಿಟ್ಟು ಉಳಿಯೋದು ಎಲ್ಲಾ ಕಡೆ ಇದ್ದದ್ದೇ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕುರ್ಚಿ ಬಂದ ದಿನ ಐದು ಮಾಡುತ್ತೇನೆ.

ಹೋಗೋದಾದರೆ ಮಂಗಳವಾರ, ಬುಧವಾರ ಮುಂಜಾನೆ ಹತ್ತರ ಒಳಗೆ ಹೋಗಿ, ಗದ್ದಲ ಇರಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚಿರುತ್ತದೆ. ಜೋಳವನ್ನ ಮನೆಯಲ್ಲೇ ಮೊರದಲ್ಲಿ ಕೇರಿ, ಕಲ್ಲು ಆರಿಸಿಕೊಂಡು ಹೋಗಿ. ಡಬ್ಬಿ ತುಂಬ ತುಂಬಬೇಡಿ, ಹಿಟ್ಟಾದ ಮೇಲೆ ಉಬ್ಬಿ ಹೊರಗೆ ಚೆಲ್ಲುತ್ತದೆ. ಮುಚ್ಚಳದ ಬದಲು ಒಂದು ತೆಳು ಬಟ್ಟೆ ತಗೊಂಡು ಹೋಗಿ, ಬಿಸಿ ಹಿಟ್ಟಿನ ಮೇಲೆ ಅದನ್ನ ಕಟ್ಟಿಕೊಂಡು ಬನ್ನಿ. ರೊಟ್ಟಿಗೆ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅಂಬಲಿಗೋ ರೊಟ್ಟಿಗೋ ಅಂತ ಕಾಕಾ ಕೇಳಿಯೇ ಕೇಳುತ್ತಾರೆ.