ಒಂದೇ ಟಿವಿಗೆ ಕೇಬಲ್ ಮತ್ತು ಡಿಶ್: ಒಂದು ಮಳೆಗಾಲದ ಹೋಲಿಕೆ

ಛಾವಣಿಯ ಮೇಲೆ ಡಿಶ್ ಹಾಕಿಸಿದ ಮೇಲೂ ನಾನು ಹಳೆಯ ಕೇಬಲ್ ಸಂಪರ್ಕವನ್ನು ತಕ್ಷಣ ತೆಗೆಸಲಿಲ್ಲ. ಎರಡರ ಸೆಟ್‌ಟಾಪ್ ಬಾಕ್ಸ್‌ಗಳನ್ನೂ ಒಂದೇ ಟಿವಿಗೆ ಜೋಡಿಸಿ, ಇಡೀ ಮಳೆಗಾಲ ಮತ್ತು ಅದರ ನಂತರದ ಕೆಲವು ತಿಂಗಳು ಒಂದೇ ಚಾನೆಲನ್ನು ಎರಡೂ ದಾರಿಯಿಂದ ನೋಡಿದೆ. ಎರಡು ಕಡೆ ಹಣ ಕಟ್ಟುವುದು ದುಂದೆಂದು ಮನೆಯವರು ಹೇಳಿದರೂ, ಚಾನೆಲ್‌ಗಳ ಪಟ್ಟಿಯನ್ನು ಎಷ್ಟು ಓದಿದರೂ ತಿಳಿಯದ ಸಂಗತಿಗಳು ಹೀಗೆ ನೋಡಿದ್ದರಿಂದಲೇ ತಿಳಿದವು.

ಚಿತ್ರದ ಗುಣಮಟ್ಟದಲ್ಲಿ ತಂತಿಯೇ ಮೇಲಿರಬಹುದೆಂದು ಊಹಿಸಿದ್ದೆ, ಹಾಗಾಗಲಿಲ್ಲ. ಎರಡೂ ಡಿಜಿಟಲ್ ಆಗಿರುವುದರಿಂದ, ಒಂದು ಚಾನೆಲ್‌ಗೆ ಎಷ್ಟು ಜಾಗ ಕೊಡಲಾಗಿದೆ ಎಂಬುದೇ ಅಲ್ಲಿ ಮುಖ್ಯ. ಕೇಬಲ್ ಸಂಸ್ಥೆಯೂ ಹೆಚ್ಚಿನ ಚಾನೆಲ್‌ಗಳನ್ನು ದೊಡ್ಡ ಡಿಶ್‌ಗಳ ಮೂಲಕ ಉಪಗ್ರಹದಿಂದಲೇ ಪಡೆದು ನಮಗೆ ಹಂಚುತ್ತದೆ. ಆಗ ಚಿತ್ರದ ಡೇಟಾವನ್ನು ಮತ್ತೊಮ್ಮೆ ಸಂಕುಚಿಸಿದರೆ ಆಟದ ಮೈದಾನದ ಹುಲ್ಲು ಹಸಿರು ಕಲೆಯಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಡಿಶ್‌ನ ಚಿತ್ರ ತುಸು ಸ್ವಚ್ಛವಾಗಿತ್ತು, ಆದರೆ ಎಲ್ಲ ಮನೆಗಳಲ್ಲೂ ಹೀಗೆಯೇ ಎಂದು ಹೇಳಲಾರೆ.

ನಿಜವಾದ ವ್ಯತ್ಯಾಸ ಕಂಡದ್ದು ಮಳೆಯಲ್ಲಿ. ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದಿಂದ ಮನೆಯ ಡಿಶ್‌ಗೆ ಬರುವ ಸಂಕೇತ ಸಾಮಾನ್ಯವಾಗಿ 12 ಗಿಗಾಹರ್ಟ್ಸ್ ಆಸುಪಾಸಿನದು. ಅದರ ತರಂಗಾಂತರ ಸುಮಾರು ಎರಡೂವರೆ ಸೆಂಟಿಮೀಟರ್ ಆದ್ದರಿಂದ ದಪ್ಪ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಜಿಟಿಜಿಟಿ ಮಳೆಗೆ ಏನೂ ಆಗುತ್ತಿರಲಿಲ್ಲ. ಮೋಡ ಒಡೆದಂತೆ ಸುರಿದಾಗ ಮಾತ್ರ ಚಿತ್ರ ಚೌಕಚೌಕವಾಗಿ ಒಡೆದು ಮಾಯವಾಗಿ, ಮಳೆಯ ರಭಸ ತಗ್ಗಿದ ಕೆಲವೇ ನಿಮಿಷಗಳಲ್ಲಿ ತಾನಾಗಿ ಮರಳುತ್ತಿತ್ತು. ಮೊದಲ ವಾರಗಳಲ್ಲಿ ಇದು ಪದೇಪದೇ ಆಗುತ್ತಿದ್ದುದರಿಂದ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ನೋಡಿದೆ: ಬಿಸಿಲಿದ್ದ ದಿನವೂ ಅದು ಕಡಿಮೆಯೇ ಇತ್ತು. ಡಿಶ್ ಕೂರಿಸಿದವರನ್ನು ಮತ್ತೆ ಕರೆಸಿ ದಿಕ್ಕನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಅಡಚಣೆಗಳು ಅರ್ಧಕ್ಕಿಂತ ಕಡಿಮೆಯಾದವು. ಚಿತ್ರ ಬಂದೊಡನೆ ಕೆಲಸ ಮುಗಿಯಿತೆಂದು ಅವರನ್ನು ಕಳುಹಿಸಿಬಿಡಬಾರದು. ಅಂಕಿ ಗರಿಷ್ಠಕ್ಕೆ ಬರುವವರೆಗೆ ನಿಲ್ಲಿಸಿಕೊಳ್ಳಬೇಕು.

ಅದೇ ಮಳೆಗೆ ಕೇಬಲ್ ಚಿತ್ರ ಅಲುಗುತ್ತಿರಲಿಲ್ಲ. ಆದರೆ ಅದು ಹೋದಾಗ ಹೋದದ್ದು ನಿಮಿಷಗಳ ಲೆಕ್ಕದಲ್ಲಲ್ಲ. ದಾರಿಯುದ್ದಕ್ಕೂ ಇರುವ ಆಂಪ್ಲಿಫೈಯರ್‌ಗಳಿಗೆ ವಿದ್ಯುತ್ ಬೇಕು. ಅವುಗಳಿಗೆ ಬ್ಯಾಟರಿಯ ಬೆಂಬಲವಿಲ್ಲದಿದ್ದರೆ ನಮ್ಮ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಪಕ್ಕದ ರಸ್ತೆಯ ಕತ್ತಲೆ ನಮ್ಮ ಟಿವಿಯನ್ನು ಆರಿಸುತ್ತದೆ. ಒಮ್ಮೆ ಎಲ್ಲೋ ಕಂಬದ ಮೇಲಿನ ಕನೆಕ್ಟರ್‌ಗೆ ನೀರು ಇಳಿದು ಎರಡು ದಿನ ಏನೂ ಬರಲಿಲ್ಲ, ಮತ್ತು ಆ ಎರಡು ದಿನವೂ ಯಾವಾಗ ಸರಿಯಾಗುತ್ತದೆಂದು ಯಾರೂ ಹೇಳಲಿಲ್ಲ. ಆಕಾಶದ ತೊಂದರೆ ಕಣ್ಣಿಗೆ ಕಾಣುತ್ತದೆ, ಮುಗಿಯುವುದೂ ಗೊತ್ತಾಗುತ್ತದೆ. ತಂತಿಯ ತೊಂದರೆ ಎಲ್ಲಿದೆ ಎಂಬುದೇ ಮನೆಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ನನಗೆ ಹೆಚ್ಚು ಕಷ್ಟವೆನಿಸಿದ್ದು ಈ ಎರಡನೆಯದು.

ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಸೂರ್ಯ ಉಪಗ್ರಹದ ಹಿಂದೆಯೇ ಹಾದುಹೋಗುವ ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಸಂಕೇತ ಕೆಡುವುದುಂಟು. ಕೇಬಲ್ ಸಂಸ್ಥೆಯ ದೊಡ್ಡ ಡಿಶ್‌ಗಳೂ ಇದರಿಂದ ಪೂರ್ತಿ ಪಾರಾಗುವುದಿಲ್ಲವಾದ್ದರಿಂದ ಇದನ್ನು ಆಯ್ಕೆಯ ಕಾರಣವಾಗಿ ಎಣಿಸಬೇಕಿಲ್ಲ.

ಎರಡನೆಯ ಟಿವಿ ಇಡುವವರು ಮಾತ್ರ ಗಮನಿಸಬೇಕು. ಕೇಬಲ್ ತಂತಿಯನ್ನು ಸ್ಪ್ಲಿಟರ್‌ನಿಂದ ಕವಲೊಡೆಸಬಹುದು. ಎರಡು ದಾರಿಯ ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ಸಂಕೇತ ತಿನ್ನುತ್ತದೆ, ಅಷ್ಟೆ. ಡಿಶ್‌ನಲ್ಲಿ ಬಾಕ್ಸ್ ತಂತಿಯ ಮೂಲಕ 13 ಅಥವಾ 18 ವೋಲ್ಟ್ ಕಳುಹಿಸಿ ಡಿಶ್‌ನ ಮುಂದಿದ್ದು ಸಂಕೇತ ಹಿಡಿಯುವ ಪುಟ್ಟ ಸಾಧನವಾದ ಎಲ್‌ಎನ್‌ಬಿಗೆ ಯಾವ ಧ್ರುವೀಕರಣ (ಅಡ್ಡಕ್ಕೆ ಕಂಪಿಸುವ ತರಂಗವೋ ಲಂಬವಾಗಿ ಕಂಪಿಸುವುದೋ) ಬೇಕೆಂದು ತಿಳಿಸುತ್ತದೆ. ಸಾಧಾರಣ ಎಲ್‌ಎನ್‌ಬಿಗೆ ಎರಡು ಬಾಕ್ಸ್‌ಗಳು ಒಂದೇ ತಂತಿಯಲ್ಲಿ ಬೇರೆಬೇರೆ ಆಜ್ಞೆ ಕೊಡಲಾಗದು. ಹಾಗಾಗಿ ನಾನು ಎರಡು ಹೊರದಾರಿಯ ಎಲ್‌ಎನ್‌ಬಿ ಹಾಕಿಸಿ ಮಲಗುವ ಕೋಣೆಗೆ ಪ್ರತ್ಯೇಕ ತಂತಿ ಎಳೆಸಬೇಕಾಯಿತು.

ಕೊನೆಗೆ ನಾನು ಡಿಶ್ ಉಳಿಸಿಕೊಂಡು ಕೇಬಲ್ ತೆಗೆಸಿದೆ. ಆದರೆ ತಂಗಿ ಇದೇ ಪ್ರಶ್ನೆ ಕೇಳಿದಾಗ ಅವಳ ಮನೆಗೆ ಹೋಗಿ ನೋಡಿದೆ: ಉಪಗ್ರಹದ ದಿಕ್ಕಿಗೆ ಸರಿಯಾಗಿ ಎತ್ತರದ ಕಟ್ಟಡವೊಂದು ನಿಂತಿತ್ತು, ಇಂಟರ್‌ನೆಟ್ ಕೂಡ ಅದೇ ಕೇಬಲ್ ತಂತಿಯಲ್ಲಿ ಬರುತ್ತಿತ್ತು. ಅವಳಿಗೆ ಕೇಬಲನ್ನೇ ಮುಂದುವರಿಸಲು ಹೇಳಿದೆ.