ಲಾರಿಯ ಸೈಲೆನ್ಸರ್ ಬದಲಿಸುವವರೇ, ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ

ಪುಣೆ, ಪಿಂಪ್ರಿ-ಚಿಂಚವಡ, ಚಾಕಣ ಭಾಗದಲ್ಲಿ ಹಳೆಯ ಡೀಸೆಲ್ ಲಾರಿ ಇಟ್ಟುಕೊಂಡು ಹೊಟ್ಟೆ ಹೊರೆಯುತ್ತಿರುವ ಕನ್ನಡದವರೆಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಅದರಲ್ಲೂ 2017ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗಿನ, ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಹಾಕಿ ಓಡಿಸುವ ಬಿಎಸ್-4 (ಹೊಗೆಗೆ ಸರ್ಕಾರ ಹಾಕಿದ ನಾಲ್ಕನೇ ಹಂತದ ಮಿತಿ) ಗಾಡಿಗಳ ಮಾಲೀಕರು ಓದಲೇಬೇಕು. ಆ ಗಾಡಿಗಳ ಸೈಲೆನ್ಸರುಗಳೆಲ್ಲ ಈಗ ತುಕ್ಕು ತಿಂದು ತೂತು ಬೀಳುವ ವಯಸ್ಸಿಗೆ ಬಂದಿವೆ. ಅದನ್ನೇ ಕಾಯುತ್ತ ಅಂಗಡಿ ತೆರೆದು ಕುಳಿತವರೂ ಇದ್ದಾರೆ. ನನ್ನಿಂದ 52,000 ರೂಪಾಯಿ ಎಣಿಸಿಕೊಂಡು, ಒಳಗೆ ಏನೂ ಇಲ್ಲದ ಖಾಲಿ ಡಬ್ಬಿಯನ್ನು ನನ್ನ ಗಾಡಿಗೆ ಕಟ್ಟಿ ಕಳಿಸಿದ್ದಾರೆ. ಡಬ್ಬಿ ಖಾಲಿ ಎಂಬುದು ನನಗೆ ತಿಳಿಯದಿರಲೆಂದು ಡ್ಯಾಶ್‌ಬೋರ್ಡಿನ ಹಿಂದೆ ಕಳ್ಳ ಪೆಟ್ಟಿಗೆಯೊಂದನ್ನು ಜೋಡಿಸಿದ್ದಾರೆ. ಇವೆರಡನ್ನೂ ಮೀರಿಸುವಂತೆ, ಘಾಟಿನಲ್ಲಿ ಗಾಡಿಯನ್ನು ಹಿಡಿದು ಇಳಿಸುವ ಎಕ್ಸಾಸ್ಟ್ ಬ್ರೇಕನ್ನೇ ಬಂದ್ ಮಾಡಿ, ಒಂದು ಮಾತೂ ಹೇಳದೆ ಕೀಲಿಕೈ ನನ್ನ ಕೈಗಿಟ್ಟಿದ್ದಾರೆ.

ನನ್ನದು 2018ರ ಹತ್ತು ಚಕ್ರದ ಗಾಡಿ, ಇರುವುದು ಅದೊಂದೇ. ಚಾಕಣದಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಬಾಡಿಗೆ ಸಿಗುತ್ತದೆ, ನಡುನಡುವೆ ನ್ಹಾವಾ ಶೇವಾ ಬಂದರಿಗೂ ಹೋಗುತ್ತೇವೆ. ನಾನೂ ಓಡಿಸುತ್ತೇನೆ, ನಮ್ಮ ಊರಿನವರೇ ಆದ, ನಾನು ಮಾಮಾ ಎಂದು ಕರೆಯುವ ಹಿರಿಯ ಚಾಲಕರೊಬ್ಬರೂ ಓಡಿಸುತ್ತಾರೆ. ಕರಾವಳಿಯ ಗಾಳಿ ಮತ್ತು ಮಳೆಗೆ ಸೈಲೆನ್ಸರಿನ ಹೊರಗವಚ ಕೆಳಭಾಗದಲ್ಲಿ ಕೊಳೆತು ಒಡೆದಿತ್ತು. ಒಳಗಿನದು ಚೆನ್ನಾಗಿಯೇ ಇತ್ತು. ಈ ಗಾಡಿಗಳಲ್ಲಿ ನಾವು ಸೈಲೆನ್ಸರ್ ಎನ್ನುವ ಆ ದೊಡ್ಡ ಡಬ್ಬಿ ಸದ್ದು ಅಡಗಿಸುವುದಕ್ಕಷ್ಟೇ ಇರುವುದಲ್ಲ ಎಂಬುದು ಬಹಳ ಜನರಿಗೆ ತಿಳಿದಿರುತ್ತದೆ, ಆದರೂ ಹೇಳುತ್ತೇನೆ. ಬಿಸಿ ಹೊಗೆಯ ಮೇಲೆ ಸಿಂಪಡಿಸಿದ ಯೂರಿಯಾ ದ್ರಾವಣ ಅಮೋನಿಯಾ ಆಗುತ್ತದೆ, ಆ ಅಮೋನಿಯಾ ಡಬ್ಬಿಯೊಳಗಿನ ಸಣ್ಣ ಸಣ್ಣ ರಂಧ್ರಗಳ ಕ್ಯಾಟಲಿಸ್ಟ್ ಇಟ್ಟಿಗೆಯ ಮೇಲೆ ಸಾರಜನಕದ ಆಕ್ಸೈಡುಗಳನ್ನು ಬರಿಯ ಸಾರಜನಕ ಮತ್ತು ನೀರಾಗಿ ಒಡೆಯುತ್ತದೆ. ಬಿಎಸ್-3ರಲ್ಲಿ ಕಿಲೋವ್ಯಾಟ್ ಗಂಟೆಗೆ 5 ಗ್ರಾಂ ಇದ್ದ ಆ ಆಕ್ಸೈಡುಗಳ ಮಿತಿಯನ್ನು ಬಿಎಸ್-4ರಲ್ಲಿ 3.5ಕ್ಕೆ ಇಳಿಸಿದ್ದರು, ಯೂರಿಯಾ ಗಾಡಿಗಳು ಬಂದದ್ದೇ ಅದಕ್ಕಾಗಿ. ಆ ಇಟ್ಟಿಗೆಯೇ ಡಬ್ಬಿಯ ಬೆಲೆ, ಉಳಿದದ್ದು ತಗಡು.

ಅಧಿಕೃತ ವರ್ಕ್‌ಶಾಪಿನಲ್ಲಿ ಒಂದು ಲಕ್ಷಕ್ಕೂ ಮೀರಿದ ಲೆಕ್ಕ ಕೊಟ್ಟರು. ಆಗ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿ ಕಡೆಯ ಒಂದು ಗ್ಯಾರೇಜಿಗೆ ಗಾಡಿ ಒಯ್ದೆ. ಅದರ ಮಾಲೀಕ ನಮ್ಮ ವಿಜಯಪುರದ ಕಡೆಯವನು. ಪರಸ್ಥಳದಲ್ಲಿ ನಮ್ಮ ಮಾತು ಕೇಳಿದರೆ ಮನಸ್ಸು ಹೇಗೆ ಹಗುರಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಅವನು ಮೊದಲು ಹೇಳಿದ್ದು, "ಮಾಲಕರ, ಯೂರಿಯಾನ ಬಂದ್ ಮಾಡಿಬಿಡೂಣ್ರಿ, ಎಲ್ಲಾರೂ ಮಾಡಸ್ತಾರ, ಗಾಡಿ ಹಗರ ಓಡ್ತೈತಿ." ನಾನು ಸ್ಪಷ್ಟವಾಗಿ ಬೇಡ ಎಂದೆ. ಕಂಪನಿ ಕೊಟ್ಟ ವ್ಯವಸ್ಥೆಯನ್ನು ಕಿತ್ತು ಗಾಡಿಯನ್ನು ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ(4) ಕಲಮಿನ ಪ್ರಕಾರ ಸಿಕ್ಕಿಬೀಳುವವನು ಗಾಡಿಯ ಮಾಲೀಕ: ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅದನ್ನೂ ಅವನಿಗೆ ಹೇಳಿದೆ. ಆಗ ಅವನು ಮಾತು ಬದಲಿಸಿ, ಕ್ಯಾಟಲಿಸ್ಟ್ ಇರುವ ಹೊಸ ಡಬ್ಬಿಯನ್ನೇ ತರಿಸುತ್ತೇನೆ, ಕಂಪನಿಯ ಮುದ್ರೆ ಇರುವುದಿಲ್ಲ ಅಷ್ಟೇ, "ಅರಾಯ್ ಪಾಸ್ ಐತ್ರಿ" ಎಂದು ಕೋಥ್ರುಡ್ ಕಡೆಗೆ ಕೈ ತೋರಿಸಿದ. ಗಾಡಿ, ಬಿಡಿಭಾಗಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅರಾಯ್ (ARAI) ಸಂಸ್ಥೆ ನಮ್ಮ ಪುಣೆಯಲ್ಲೇ ಇರುವುದರಿಂದ ಇಲ್ಲಿಯ ಪ್ರತಿಯೊಬ್ಬ ಬಿಡಿಭಾಗದವನ ಬಾಯಲ್ಲೂ ಆ ಹೆಸರು ಸಲೀಸಾಗಿ ಬರುತ್ತದೆ, ಕಾಗದ ಕೇಳಿದರೆ ಮಾತ್ರ ಬರುವುದಿಲ್ಲ. ನಾನು ಕಾಗದ ಕೇಳಿದೆ, ನಾಳೆ ಎಂದ. "ಒಳಗೆ ಕ್ಯಾಟಲಿಸ್ಟ್ ಇರಬೇಕು, ಯೂರಿಯಾ ಮೊದಲಿನಂತೆಯೇ ಕೆಲಸ ಮಾಡಬೇಕು" ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. "ಹೂಂ ರೀ" ಎಂದು ಉತ್ತರ ಬಂತು. ಆ ಉತ್ತರ ಈಗಲೂ ನನ್ನ ಬಳಿ ಇದೆ.

ಕೆಲಸ ನನ್ನ ಕಣ್ಣೆದುರಿಗೇ ನಡೆಯಿತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಹಳೆಯ ಡಬ್ಬಿಯನ್ನು ಇಳಿಸುವಾಗ ಇಬ್ಬರು ಗಟ್ಟಿಮುಟ್ಟಾದ ಆಳುಗಳು ತಿಣುಕಿದರು. ಹೊಸದನ್ನು ಹದಿಹರೆಯದ ಹುಡುಗನೊಬ್ಬ ಒಂಟಿಯಾಗಿ ಎತ್ತಿ ಹೆಗಲಿಗಿಟ್ಟು ತಂದ. ಅದು ಇಷ್ಟು ಹಗುರವೇಕೆ ಎಂದು ನಾನು ಅಲ್ಲಿಯೇ ಕೇಳಿದೆ. "ಹೊಸಾ ಟೆಕ್ನಾಲಜಿ ಐತ್ರಿ" ಎಂದು ನಗುತ್ತ ಚಹಾ ತರಿಸಿದ. ಚಹಾ ಕುಡಿಸಿ ಕಚೇರಿಯೊಳಗೆ ಕೂರಿಸಿ ಊರ ಸುದ್ದಿ, ಮಳೆಯ ಸುದ್ದಿ, ತೊಗರಿಯ ಸುದ್ದಿ ಮಾತಾಡಿದ. ಆ ಹೊತ್ತಿನಲ್ಲಿಯೇ ಒಳಗಿನ ತಂತಿಗಳ ಕೆಲಸ ಮುಗಿದಿರಬೇಕು.

ಗಾಡಿ ಹೊರಟಿತು, ಸದ್ದು ಕಡಿಮೆ, ಯಾವ ದೀಪವೂ ಹೊತ್ತಲಿಲ್ಲ. ಮೊದಲ ಬಾಡಿಗೆಗಳು ರಾಂಜಣಗಾವ, ಅಹಿಲ್ಯಾನಗರ ಕಡೆಯ ಸಪಾಟು ರಸ್ತೆಯವು. ಆಗ ಮಾಮಾ ಫೋನ್ ಮಾಡಿದರು: "ಗಾಡಿ ಯೂರಿಯಾನ ಕುಡೀವಲ್ದು ನೋಡು. ಕಾಟಾ ಇದ್ದಲ್ಲೇ ಐತಿ." ಮುಚ್ಚಳ ತೆಗೆದು ನೋಡಿದರೆ ಟ್ಯಾಂಕು ತುಂಬಿಸಿದ ಮಟ್ಟದಲ್ಲೇ ಇತ್ತು. ನೂರು ಲೀಟರ್ ಡೀಸೆಲ್ ಸುಟ್ಟರೆ ನಾಲ್ಕೈದು ಲೀಟರ್ ಯೂರಿಯಾ ಖರ್ಚಾಗಬೇಕು, ಇಲ್ಲಿ ಒಂದು ತೊಟ್ಟೂ ಇಳಿದಿರಲಿಲ್ಲ. ಗ್ಯಾರೇಜಿನವನಿಗೆ ಕೇಳಿದೆ. ಅವನ ಉತ್ತರ: "ಹೊಸಾ ಕ್ಯಾಟಲಿಸ್ಟ್ ಭಾಳ ಚಲೋ ಐತ್ರಿ ಮಾಲಕರ, ಅದಕ್ಕ ಯೂರಿಯಾ ಕಡಿಮಿ ಸಾಕಾಗ್ತೈತಿ. ನಿಮಗ ಉಳಿತಾಯನ ಆತಲ್ರಿ." ಎಂಥ ಮಾತು ನೋಡಿ! ಆ ಆಕ್ಸೈಡುಗಳು ಹುಟ್ಟುವುದು ಎಂಜಿನ್ನಿನ ಒಳಗಿನ ಶಾಖದಲ್ಲಿ. ಎಂಜಿನ್ ಅದೇ ಇರುವಾಗ ಅವೂ ಅಷ್ಟೇ ಇರುತ್ತವೆ, ಅವನ್ನು ಒಡೆಯಲು ಬೇಕಾದ ಯೂರಿಯಾವೂ ಅಷ್ಟೇ ಬೇಕು. ಲಾರಿಯ ಮಾಲೀಕನಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳಿದ ಮಾತು ಅದು.

ಇದು ಹಣದ ಮೋಸ ಎಂದುಕೊಂಡಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯ ಬಾಡಿಗೆ ಬಂತು. ಹೋಗುವಾಗ ಗಾಡಿ ಹಗುರವಿತ್ತು, ಬರುವಾಗ ಪೂರ್ತಿ ಲೋಡು. ಪುಣೆ ಹತ್ತಿರ ಹೊಸ ಕಾತ್ರಜ ಬೋಗದೆಯಿಂದ (ಸುರಂಗದಿಂದ) ನವಲೆ ಸೇತುವೆಯವರೆಗಿನ ಇಳಿಜಾರು ಹೇಗಿದೆ ಎಂದು ಆ ದಾರಿಯಲ್ಲಿ ಓಡಾಡಿದ ಪ್ರತಿಯೊಬ್ಬರಿಗೂ ಗೊತ್ತು. 2022ರ ನವೆಂಬರಿನಲ್ಲಿ ಅಲ್ಲಿಯೇ ಒಂದು ಟ್ರಕ್ಕು ನುಗ್ಗಿ 40ಕ್ಕೂ ಹೆಚ್ಚು ವಾಹನಗಳು ಜಖಂಗೊಂಡವು. ಆ ಇಳಿಜಾರಿನಲ್ಲಿ ಮಾಮಾ ಎಕ್ಸಾಸ್ಟ್ ಬ್ರೇಕ್ ಒತ್ತಿದರೆ ಗಾಡಿ ಹಿಡಿಯಲಿಲ್ಲ. ಅವರು ರೂಢಿಯಂತೆ ಬೋಗದೆಯೊಳಗೇ ಗೇರ್ ಇಳಿಸಿಕೊಂಡಿದ್ದರಿಂದ, ಕಾಲಿನ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುತ್ತ ಹೇಗೋ ಎಡಕ್ಕೆ ತಂದು ನಿಲ್ಲಿಸಿದರು. ಬ್ರೇಕಿನ ಲೈನರು ಸುಟ್ಟ ವಾಸನೆ ಬರುತ್ತಿತ್ತಂತೆ. ಫೋನಿನಲ್ಲಿ ಅವರ ಧ್ವನಿ ನಡುಗುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಗಾಡಿ ಓಡಿಸಿದ ಮನುಷ್ಯರು ಅವರು, ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅಲ್ಲಿಂದ ಗಾಡಿ ನೇರವಾಗಿ ಅಧಿಕೃತ ವರ್ಕ್‌ಶಾಪಿಗೆ ಹೋಯಿತು. ಟರ್ಬೋ ದಾಟಿದ ಮೇಲೆ ಹೊಗೆ ಕೊಳವೆಯಲ್ಲಿ ಒಂದು ಕವಾಟ ಇರುತ್ತದೆ. ಗಾಳಿಯ ಒತ್ತಡದಿಂದ ಅದು ಮುಚ್ಚಿಕೊಂಡರೆ ಹೊಗೆ ಹಿಂದಕ್ಕೆ ಒತ್ತಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಎಕ್ಸಾಸ್ಟ್ ಬ್ರೇಕ್ ಎಂದರೆ ಅದೇ. ನನ್ನ ಗಾಡಿಯಲ್ಲಿ ಆ ಕವಾಟವನ್ನು ತೆರೆದ ಸ್ಥಿತಿಯಲ್ಲೇ ತಂತಿಯಿಂದ ಕಟ್ಟಿ, ಅದರ ಗಾಳಿ ಪೈಪಿನ ಬಾಯಿಗೆ ಒಂದು ಬೋಲ್ಟು ತುರುಕಿದ್ದರು. ಒಂದು ಬೋಲ್ಟು! ಕಂಪನ ತಡೆಯಲು ಇದ್ದ ಬಳುಕುವ ಜಾಲರಿ ಪೈಪನ್ನು ಕಿತ್ತು ಗಟ್ಟಿ ಪೈಪನ್ನು ವೆಲ್ಡ್ ಮಾಡಿದ್ದರಿಂದ ಟರ್ಬೋ ಬದಿಯ ಫ್ಲಾಂಜಿನಲ್ಲಿ, ಅಂದರೆ ಪೈಪು ಜೋಡಿಸುವ ಅಂಚಿನಲ್ಲಿ, ಬಿರುಕು ಶುರುವಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಕಪ್ಪು ಪೆಟ್ಟಿಗೆ ಸಿಕ್ಕಿತು. ಯೂರಿಯಾ ಸಿಂಪಡಣೆ ಸರಿಯಾಗಿದೆ, ಹೊಗೆ ಶುದ್ಧವಾಗಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳುವುದೇ ಅದರ ಕೆಲಸ. ಅದು ಇಲ್ಲದಿದ್ದರೆ ದೀಪ ಹೊತ್ತಿ ಎಂಜಿನ್ನಿನ ಎಳೆತ ತಾನಾಗಿ ಇಳಿಯುತ್ತಿತ್ತು, ಮೋಸ ಅಂದೇ ಬಯಲಾಗುತ್ತಿತ್ತು. ಡಬ್ಬಿ ಬಿಚ್ಚಿದಾಗ ಒಳಗೆ ಎರಡು ತೂತು ಪೈಪು, ಒಂದು ಅಡ್ಡ ತಗಡು. ಇಟ್ಟಿಗೆ ಇಲ್ಲ.

ಈಗ ಆ ಗ್ಯಾರೇಜಿನವನ ಉತ್ತರಗಳನ್ನು ಕೇಳಿ. ಡಬ್ಬಿ ಖಾಲಿ ಏಕೆ ಎಂದರೆ, "ದೀಪ ಬರಬಾರದು ಅಂತ ನೀವ ಹೇಳಿದ್ರಲ್ರಿ." ವಾಟ್ಸಾಪ್ ತೋರಿಸಿದರೆ, "ಅದನ್ನ ನಮ್ಮ ಹುಡುಗ ನೋಡ್ತಾನ್ರಿ, ನಾ ಓದಿಲ್ಲ." ಬಿಲ್ಲಿನಲ್ಲಿ ಕ್ಯಾಟಲಿಸ್ಟ್ ಎಂದು ಏಕೆ ಬರೆದಿಲ್ಲ ಎಂದರೆ, "ಎಕ್ಸಾಸ್ಟ್ ಸೆಟ್ ಅಂತ ಬರದೇವಲ್ರಿ, ಎಲ್ಲಾ ಅದರಾಗ ಬಂತು." ಹಾಗಾದರೆ ನನ್ನ ಹಳೆಯ ಡಬ್ಬಿಯನ್ನು ಕೊಡು, ಅದರ ಇಟ್ಟಿಗೆಯನ್ನಾದರೂ ಹೊಸ ಕವಚಕ್ಕೆ ಹಾಕಿಸಿಕೊಳ್ಳುತ್ತೇನೆ ಎಂದರೆ, "ಗುಜರಿಗಿ ಹೋತ್ರಿ." ಯಾವ ಗುಜರಿ, ಎಷ್ಟಕ್ಕೆ ಹೋಯಿತು ಎಂದರೆ ಉತ್ತರವೇ ಇಲ್ಲ. ನನ್ನ ಗಾಡಿಯ ಸುಸ್ಥಿತಿಯ ಕ್ಯಾಟಲಿಸ್ಟನ್ನು ನನ್ನಿಂದಲೇ ಹಣ ಪಡೆದು ಕಿತ್ತು ಮಾರಿಕೊಂಡಿದ್ದಾನೆ, ಎರಡು ಕಡೆಯಿಂದಲೂ ಅವನಿಗೇ ಲಾಭ.

"ಪಿಯುಸಿ ಪಾಸ್ ಆತಿಲ್ಲೋ?" ಎಂದೂ ಕೇಳಿದ. ಹೌದು, ಗಾಡಿಯ ಹೊಗೆ ತಪಾಸಣೆಯಾದ ಆ ಪಿಯುಸಿಯಲ್ಲಿ ಪಾಸಾಗಿದೆ. ಇದನ್ನು ಎಲ್ಲರೂ ಸರಿಯಾಗಿ ತಿಳಿದುಕೊಳ್ಳಬೇಕು. ಡೀಸೆಲ್ ಗಾಡಿಯ ಪಿಯುಸಿಯಲ್ಲಿ ಅಳೆಯುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನು ಮಾತ್ರ, ಬಿಎಸ್-4 ಗಾಡಿಗೆ ಅದರ ಮಿತಿ 50 ಹಾರ್ಟ್ರಿಜ್ (ಹೊಗೆಯ ಕಪ್ಪನ್ನು ಅಳೆಯುವ ಮಾನ). ಕ್ಯಾಟಲಿಸ್ಟ್ ತಡೆಯುವ ಅನಿಲ ಆ ಪರೀಕ್ಷೆಯ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಪಿಯುಸಿ ಚೀಟಿ ಈ ಮೋಸವನ್ನು ಹಿಡಿಯುವುದಿಲ್ಲ, ಅವರು ಇಷ್ಟು ರಾಜಾರೋಷವಾಗಿ ಇದನ್ನು ಮಾಡುವುದೂ ಅದಕ್ಕೇ. ಆದರೆ ಆ ಅನಿಲವನ್ನು ಉಸಿರಾಡುವುದು ಭೋಸರಿ, ನಿಗಡಿಯ ರಸ್ತೆಬದಿಯ ಮನೆಗಳಲ್ಲಿರುವ ನಮ್ಮದೇ ಮಕ್ಕಳು. ನನ್ನ ಗಾಡಿಯಿಂದ ಅಷ್ಟು ದಿನ ಅದು ಹೊರಬಂತಲ್ಲ ಎಂಬುದು ನನ್ನನ್ನು ಹಣಕ್ಕಿಂತ ಹೆಚ್ಚು ಕಾಡುತ್ತಿದೆ.

ಕೊನೆಗೆ ಎಕ್ಸಾಸ್ಟ್ ಬ್ರೇಕಿನ ಮಾತು. ಅವನು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ: "ಹೊಸಾ ಪೈಪಿಗಿ ಗಾಳಿ ನಳಿ ಮುಟ್ಟಲಿಲ್ರಿ. ಕಾಲ ಬ್ರೇಕ್ ಐತಲ್ರಿ ಮತ್ತ." ಗಾಳಿ ನಳಿ ಮುಟ್ಟಲಿಲ್ಲವಂತೆ. ಒಂದು ಮೊಳ ನಳಿಕೆಯ ಬೆಲೆ ಎಷ್ಟು? ಅದನ್ನು ಉಳಿಸಲು ಮಾಮಾ ಅವರ ಜೀವವನ್ನೂ, ಆ ಇಳಿಜಾರಿನ ಕೆಳಗೆ ಸ್ಕೂಟರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಿಂತವರ ಜೀವವನ್ನೂ ಪಣಕ್ಕಿಟ್ಟಿದ್ದಾನೆ. ಬಂದ್ ಮಾಡಿದ್ದೇನೆ ಎಂದು ಒಂದು ಮಾತು ಹೇಳಿದ್ದರೂ ಗಾಡಿಯನ್ನು ಘಾಟಿಗೆ ಕಳಿಸುತ್ತಿರಲಿಲ್ಲ. ಒಂದು ಮಾತು. ಅದನ್ನೂ ಹೇಳಲಿಲ್ಲ. ನಾನು ದನಿ ಏರಿಸಿದಾಗ, "ಊರ ಮಂದಿ ಆಗಿ ಹಿಂಗ ಅಂಗಡಿ ಮುಂದ ಮರ್ಯಾದಿ ತಗಿತೀರೇನ್ರಿ?" ಎಂದು ನನ್ನನ್ನೇ ಕೇಳಿದ. ಸುತ್ತ ನಿಂತ ಚಾಲಕರು ನನ್ನ ಮುಖವನ್ನೇ ನೋಡುತ್ತಿದ್ದರು.

ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದಾಗ, ಲಾರಿಯವರಿಗೆ ಅದು ನಡೆಯುವುದಿಲ್ಲ, ಅದು ವ್ಯಾಪಾರದ ಗಾಡಿ ಎಂದು ಹೆದರಿಸಿದ. ಇದನ್ನು ನಂಬಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡದ್ದನ್ನು ವ್ಯಾಪಾರಿ ಉದ್ದೇಶ ಎಂದು ಎಣಿಸುವುದಿಲ್ಲ. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ, ಆಯೋಗಕ್ಕೆ ಕಾಗದಗಳನ್ನು ಸಿದ್ಧ ಮಾಡುತ್ತಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ಹಳೆಯ ಡಬ್ಬಿ ನಿಮ್ಮ ಆಸ್ತಿ, ತುಕ್ಕು ಹಿಡಿದಿದ್ದರೂ ಅದನ್ನು ಮನೆಗೆ ತನ್ನಿ. ಹೊರಗವಚ ಮಾತ್ರ ಕೊಳೆತಿದ್ದರೆ ಹಳೆಯ ಇಟ್ಟಿಗೆಯನ್ನೇ ಹೊಸ ಕವಚಕ್ಕೆ ಕೂರಿಸುವವರಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಹೊಸ ಡಬ್ಬಿಯನ್ನು ವೆಲ್ಡ್ ಮಾಡುವ ಮೊದಲು ಟಾರ್ಚು ಬಿಟ್ಟು ಒಳಗಿನ ಇಟ್ಟಿಗೆಯನ್ನು ಕಣ್ಣಾರೆ ನೋಡಿ, ಎರಡನ್ನೂ ತೂಗಿಸಿ. ಅಯಸ್ಕಾಂತ ಹಿಡಿದು ಪರೀಕ್ಷಿಸುವುದರಿಂದ ಏನೂ ತಿಳಿಯದು, ಕಂಪನಿಗಳು ಸಾಮಾನ್ಯವಾಗಿ ಬಳಸುವ 409 ಸ್ಟೇನ್‌ಲೆಸ್‌ಗೂ ಅಯಸ್ಕಾಂತ ಅಂಟುತ್ತದೆ. ಗ್ಯಾರೇಜಿನಿಂದ ಹೊರಡುವ ಮುನ್ನ ಎಕ್ಸಾಸ್ಟ್ ಬ್ರೇಕ್ ಒತ್ತಿ, ಕವಾಟ ಅಲುಗುವುದನ್ನು ಕೆಳಗೆ ಬಗ್ಗಿ ನೋಡಿ. ಚಹಾ ಕುಡಿಯಲು ಒಳಗೆ ಕರೆದರೆ ಹೋಗಬೇಡಿ.

ಟ್ರಾನ್ಸ್‌ಪೋರ್ಟ್ ನಗರಿ ಸುತ್ತಮುತ್ತ ಸೈಲೆನ್ಸರ್ ಬದಲಿಸಿಕೊಂಡ ಮೇಲೆ ಯಾರ ಗಾಡಿಯಲ್ಲಾದರೂ ಯೂರಿಯಾ ಮಟ್ಟ ಇಳಿಯದೆ ನಿಂತಿದ್ದರೆ, ಇಂದೇ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ನೋಡಿ. ಪೆಟ್ಟಿಗೆ ಸಿಕ್ಕರೆ ಅದನ್ನು ಕಿತ್ತು ಎಸೆಯಬೇಡಿ, ಇದ್ದ ಜಾಗದಲ್ಲೇ ಫೋಟೋ ತೆಗೆದು, ಬಿಲ್ಲಿನೊಂದಿಗೆ ನನಗೆ ಕಳಿಸಿ. ನನ್ನ ದೂರಿನ ಜೊತೆಗೆ ಅವನ್ನೂ ಲಗತ್ತಿಸುತ್ತೇನೆ.