ಆನ್‌ಲೈನ್‌ನಲ್ಲಿ ಸರ್ವಿಸ್ ಡಾಗ್ ಕಾರ್ಡು ಕೊಳ್ಳುವ ಮುನ್ನ ಇದನ್ನು ಓದಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಬೇ ಏರಿಯಾದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಒಬ್ಬರು ಲಿಂಕ್ ಹಾಕಿದ್ದರು. ನಾಯಿಯ ಫೋಟೋ ಕಳಿಸಿ ದುಡ್ಡು ಕಟ್ಟಿದರೆ ‘ನೋಂದಾಯಿತ ಸರ್ವಿಸ್ ಡಾಗ್’ ಅಂತ ಕಾರ್ಡು, ಕೆಂಪು ಜಾಕೆಟ್ಟು, ಸರ್ಟಿಫಿಕೇಟು ಎಲ್ಲ ಮನೆಗೇ ಬರುತ್ತದಂತೆ. (ಸರ್ವಿಸ್ ಡಾಗ್ ಅಂದರೆ ಅಂಗವೈಕಲ್ಯ ಇರುವವರಿಗೆ ನೆರವಾಗಲು ತರಬೇತಿ ಪಡೆದ ನಾಯಿ.) “ಅಪಾರ್ಟ್‌ಮೆಂಟಿನ ಪೆಟ್ ಫೀ ಉಳಿಯುತ್ತೆ, ಅಂಗಡಿಗೂ ಕರ್ಕೊಂಡು ಹೋಗ್ಬಹುದು” ಅಂತ ಕೆಳಗೊಂದು ಸಾಲು. ದಯವಿಟ್ಟು ಕೊಳ್ಳಬೇಡಿ. ಅಂಥದೊಂದು ಕಾರ್ಡಿನಿಂದ ನಮ್ಮ ಮನೆಗೆ ಏನು ಬಂತು ಅಂತ ಹೇಳುತ್ತೇನೆ.

ನಮ್ಮ ಯಜಮಾನರಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಸ್ಯಾನ್ ರಫೇಲ್‌ನ ಗೈಡ್ ಡಾಗ್ಸ್ ಫಾರ್ ದ ಬ್ಲೈಂಡ್ ಸಂಸ್ಥೆಯಿಂದ ಬಂದ ಗೈಡ್ ಡಾಗ್ (ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿ), ಲ್ಯಾಬ್ರಡಾರ್ ವಿಲೋ, ಅವರ ಜೊತೆ ಆಫೀಸಿಗೆ, ಟ್ರೇನಿಗೆ, ಎಲ್ಲ ಕಡೆಗೂ ಹೋಗುತ್ತಿದ್ದಳು. ಈ ಸಂಸ್ಥೆ 1942ರಿಂದ ಈ ಕೆಲಸ ಮಾಡುತ್ತಿದೆ. ನಾಯಿಗಾಗಲಿ ತರಬೇತಿಗಾಗಲಿ ದುಡ್ಡು ಕೇಳುವುದಿಲ್ಲ. ಅಲ್ಲಿ ಕಲಿಸುವುದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಒಂದು: ಇವರು “ಫಾರ್ವರ್ಡ್” ಅಂದರೂ ಕಾರು ಬರುತ್ತಿದ್ದರೆ ನಾಯಿ ಮಾತು ಕೇಳಬಾರದು, ನಿಂತಲ್ಲೇ ನಿಲ್ಲಬೇಕು. ಅಷ್ಟು ಧೈರ್ಯ, ಅಷ್ಟು ನಂಬಿಕೆ ಬೇಕು ಆ ಕೆಲಸಕ್ಕೆ.

ಗೌರಿ ಹಬ್ಬದ ಹಿಂದಿನ ಶನಿವಾರ, ಇಂಡಿಯನ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಳೆ ಎಲೆ ಇಟ್ಟಿದ್ದ ಕಡೆ ಒಬ್ಬಾಕೆ ಗುಂಗುರು ಕೂದಲಿನ ನಾಯಿಯನ್ನು ತಳ್ಳುಗಾಡಿಯಲ್ಲೇ ಕೂರಿಸಿಕೊಂಡು ಬಂದರು. ಮೈಮೇಲೆ ಕೆಂಪು ಜಾಕೆಟ್ಟು. ವಿಲೋನನ್ನು ಕಂಡದ್ದೇ ಬೊಗಳಲು ಶುರು. “ಏಯ್, ಸುಮ್ನಿರೋ” ಅಂತ ಆಕೆ ಕನ್ನಡದಲ್ಲೇ ಗದರಿದರು. ಅದು ಸುಮ್ಮನಿರಲಿಲ್ಲ. ಗಾಡಿಯಿಂದ ಹಾರಿ ವಿಲೋನ ಕಿವಿಗೆ ಬಾಯಿ ಹಾಕಿತು. ವಿಲೋ ತಿರುಗಿ ಕಚ್ಚಲಿಲ್ಲ, ಹಾಗೆ ಬೆಳೆಸಿರುತ್ತಾರೆ. ಏನಾಗುತ್ತಿದೆ ಅಂತ ಕಾಣದೆ ಯಜಮಾನರು ವಿಲೋನ ಮೈಗೆ ಕಟ್ಟಿದ ಹಾರ್ನೆಸ್‌ನ ಹಿಡಿ ಹಿಡಿದುಕೊಂಡು “ವಿಲೋ, ವಿಲೋ” ಅನ್ನುತ್ತಿದ್ದರು.

ಅಂಗಡಿಯವರನ್ನು ಕೇಳಿದೆ, ಇಂಥ ನಾಯಿಯನ್ನು ಒಳಗೆ ಯಾಕೆ ಬಿಟ್ಟಿರಿ ಅಂತ. “ಕಾರ್ಡ್ ತೋರಿಸಿದ್ರು ಮೇಡಂ. ಆಚೆ ಕಳಿಸಿದ್ರೆ ಕೇಸ್ ಹಾಕ್ತೀನಿ ಅಂದ್ರು.” ಅದೇ ಅಂಗಡಿಯ ಬಾಗಿಲಲ್ಲಿ ಹಿಂದೊಮ್ಮೆ ನಮ್ಮನ್ನು ನಿಲ್ಲಿಸಿ ಕಾರ್ಡು ಕೇಳಿದ್ದರು!

ಅಂಗಡಿ, ಹೋಟೆಲು ನಡೆಸುವ ನಮ್ಮವರು ಇದನ್ನು ಗಮನಿಸಿ. ಅಂಗವಿಕಲರ ಹಕ್ಕುಗಳಿಗಾಗಿ ಅಮೆರಿಕದಲ್ಲಿರುವ 1990ರ ಎಡಿಎ ಕಾನೂನಿನಲ್ಲಿ ಸರ್ವಿಸ್ ಡಾಗ್‌ಗೆ ನೋಂದಣಿ ಕಡ್ಡಾಯವೇ ಅಲ್ಲ. ಸರ್ಕಾರದ ಪಟ್ಟಿಯೂ ಇಲ್ಲ, ಹಾಗಾಗಿ ಇಂಥ ಸೈಟುಗಳು ಮಾರುವ ಕಾರ್ಡಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ನೋಡಿದರೆ ಗೊತ್ತಾಗದಿದ್ದಾಗ ನೀವು ಕೇಳಬಹುದಾದದ್ದು ಎರಡೇ: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ? ಯಾವ ಕೆಲಸ ಮಾಡಲು ಇದಕ್ಕೆ ತರಬೇತಿಯಾಗಿದೆ? ಜೊತೆಗಿದ್ದರೆ ಮನಸ್ಸಿಗೆ ಸಮಾಧಾನ ಅನ್ನುವಷ್ಟೇ ಆದರೆ ಅದು ಸರ್ವಿಸ್ ಡಾಗ್ ಅಲ್ಲ. ಕಾಗದ ಕೇಳುವ ಹಾಗಿಲ್ಲ, ಕಾಯಿಲೆ ಏನು ಅಂತ ಕೇಳುವ ಹಾಗೂ ಇಲ್ಲ. ಆದರೆ ನಾಯಿ ಹತೋಟಿ ತಪ್ಪಿ, ಒಡೆಯರು ಅದನ್ನು ಹಿಡಿತಕ್ಕೆ ತರದಿದ್ದರೆ, ಅಥವಾ ಒಳಗೆ ಗಲೀಜು ಮಾಡಿದರೆ, ಅಸಲಿ ಸರ್ವಿಸ್ ಡಾಗ್ ಆದರೂ ಹೊರಗೆ ಕಳಿಸಬಹುದು. ಆದರೆ ನಾಯಿಯನ್ನು ಆಚೆ ಬಿಟ್ಟು ಬಂದರೆ ಅವರಿಗೆ ಬೇಕಾದ ಸಾಮಾನು ಕೊಡಲೇಬೇಕು. ಆ ನಾಯಿ ಮೊದಲ ಸಲ ಬೊಗಳಿದಾಗಲೇ ಆ ಅಂಗಡಿಯವರಿಗೆ ಈ ವಿಷಯ ತಿಳಿದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. (ದೇವಸ್ಥಾನಗಳಿಗೆ ಎಡಿಎ ಅನ್ವಯಿಸುವುದಿಲ್ಲ. ನಾವು ಮೊದಲೇ ಫೋನ್ ಮಾಡಿ ಕೇಳಿಯೇ ಹೋಗುತ್ತೇವೆ.)

ಕಿವಿಯ ಗಾಯ ಮಾಗಿತು. ಅಂಜಿಕೆ ಮಾಗಲಿಲ್ಲ. ರಸ್ತೆಯಲ್ಲಿ ಯಾವ ನಾಯಿ ಕಂಡರೂ ವಿಲೋ ಹಿಂದೆ ಸರಿಯುತ್ತಿದ್ದಳು, ಒಮ್ಮೆ ಯಜಮಾನರನ್ನು ಫುಟ್‌ಪಾತಿನಿಂದ ರಸ್ತೆಗೇ ಎಳೆದಳು. ತರಬೇತುದಾರರು ಬಂದು ನೋಡಿ, ಇನ್ನು ಇವಳ ಕೈಲಿ ಆಗುವುದಿಲ್ಲ ಅಂದರು. ಈಗ ಅವಳು ಮನೆಯ ನಾಯಿ. ಇವರು ಬಿಳಿ ಕೋಲು ಹಿಡಿದು ಮುಂದಿನ ನಾಯಿಗಾಗಿ ಸರದಿ ಕಾಯುತ್ತಿದ್ದಾರೆ.

ಅಪಾರ್ಟ್‌ಮೆಂಟಿನ ಮಾತು ಬೇರೆ. ಅದು ಮನೆ ಬಾಡಿಗೆಯಲ್ಲಿ ತಾರತಮ್ಯ ತಡೆಯುವ ಫೇರ್ ಹೌಸಿಂಗ್ ಕಾನೂನಿಗೆ ಬರುತ್ತದೆ, ನಿಜವಾಗಿ ಅಗತ್ಯವಿದ್ದವರು ತಮ್ಮನ್ನು ಬಲ್ಲ ಡಾಕ್ಟರ ಬಳಿ ಪತ್ರ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಎಮೋಷನಲ್ ಸಪೋರ್ಟ್ ನಾಯಿಗೆ (ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವ ನಾಯಿ) ಪತ್ರ ಕೊಡುವವರು ಸಾಮಾನ್ಯವಾಗಿ ಕನಿಷ್ಠ 30 ದಿನದಿಂದ ನಿಮ್ಮನ್ನು ನೋಡುತ್ತಿರಬೇಕು. ಐದು ನಿಮಿಷದ ವಿಡಿಯೋ ಕಾಲ್ ಸಾಲದು. ಬೇಕೆಂದೇ ಸುಳ್ಳು ಹೇಳಿ ಸಾಕುನಾಯಿಯನ್ನು ಸರ್ವಿಸ್ ಡಾಗ್ ಅಂತ ತೋರಿಸಿದರೆ ಇಲ್ಲಿ 6 ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ, ಅಥವಾ ಎರಡೂ ಆಗಬಹುದು. ವಿಮಾನದಲ್ಲೂ 2021ರ ಜನವರಿಯಿಂದ ನಿಯಮ ಬಿಗಿಯಾಗಿದೆ. ಸರ್ವಿಸ್ ಡಾಗ್ ಜೊತೆ ಹಾರುವವರು ತುಂಬುವ ಅಮೆರಿಕದ ಸಾರಿಗೆ ಇಲಾಖೆಯ ಫಾರ್ಮಿನಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಅದು ಫೆಡರಲ್ ಅಪರಾಧ. ಎಚ್-1ಬಿ ವೀಸಾದಲ್ಲಿರುವವರಿಗೆ ಇದರ ತೂಕ ನಾನು ಹೇಳಬೇಕಾಗಿಲ್ಲ.

ಗೈಡ್ ಡಾಗ್ ಇರುವ ಮನೆಯವರಿಗೆ ಒಂದು ಮಾತು. ಇಂಥದ್ದು ನಡೆದರೆ ಆ ಕ್ಷಣವೇ ಎದುರಿನವರ ಹೆಸರು, ಫೋನ್ ನಂಬರು ತೆಗೆದುಕೊಳ್ಳಿ, ಪೊಲೀಸರಿಗೂ ಪ್ರಾಣಿಗಳ ದೂರು ನೋಡುವ ಅನಿಮಲ್ ಕಂಟ್ರೋಲ್‌ಗೂ ದೂರು ಕೊಡಿ, ನಾಯಿ ಡಾಕ್ಟರ ಬಿಲ್ಲುಗಳನ್ನೆಲ್ಲ ಇಟ್ಟುಕೊಳ್ಳಿ. ಗೈಡ್ ಡಾಗ್‌ಗೆ ಗಾಯವಾದರೆ ಖರ್ಚು ವಸೂಲಿಗೆ ಇಲ್ಲಿನ ಕಾನೂನಿನಲ್ಲಿ ದಾರಿ ಇದೆ. ಅಂಗಡಿಯ ಕ್ಯಾಮೆರಾ ದೃಶ್ಯ ಉಳಿಸಿಡಿ ಅಂತ ಅವತ್ತೇ ಬರವಣಿಗೆಯಲ್ಲಿ ಕೇಳಿ. ನಾವು ಗಾಯದ ಓಡಾಟ ಮುಗಿಸಿ ಕೇಳುವಷ್ಟರಲ್ಲಿ ಅದು ಅಳಿಸಿಹೋಗಿತ್ತು, ಆ ಹೆಂಗಸು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.